ಗ್ಯಾಸ್ ಅವರ ಪಾಲಿಗೆ, ಸುಣ್ಣ ನನ್ನ ಪಾಲಿಗೆ

ಇವತ್ತು ಸಾರಿಗೆ ಹಾಕೋಣ ಅಂತ ಹುಣಸೆಹಣ್ಣಿನ ಡಬ್ಬಿ ತೆಗೆದರೆ ಒಳಗೆ ಬರೀ ಬೀಜ, ನಾರು. ಹಣ್ಣೆಲ್ಲ ನಮ್ಮನೆಯವರ ಕಾರ್ಬೈಡ್ ದೀಪ ಉಜ್ಜುವುದಕ್ಕೆ ಖರ್ಚಾಗಿದೆ. "ಹಿತ್ತಾಳೆ ಅಲ್ವಾ, ಹುಣಸೆಹಣ್ಣೇ ಸರಿ" ಅಂತ ನನಗೇ ಪಾಠ. ಹಬ್ಬದ ಹಿಂದಿನ ದಿನ ದೇವರ ಸಾಮಾನು ರಾಶಿ ಬಿದ್ದಿರುವಾಗ ಈ ಜ್ಞಾನ ಎಲ್ಲಿರುತ್ತದೋ.

ದೀಪ ಅವರ ತಾತನ ಸೈಕಲ್ಲಿನದು, ಬರ್ಮಿಂಗ್‌ಹ್ಯಾಮಿನ ಲೂಕಾಸ್ ಕಂಪನಿಯದು. ಊರಿನ ಅಟ್ಟದಲ್ಲಿ ಇಷ್ಟು ವರ್ಷ ಸುಮ್ಮನಿತ್ತು. ಮೇಲೆ ನೀರು, ಕೆಳಗಿನ ಡಬ್ಬಿಯಲ್ಲಿ ಕಲ್ಲಿನ ಚೂರಿನಂಥ ಕಾರ್ಬೈಡ್. ತಿರುಪು ತಿರುಗಿಸಿದರೆ ನೀರು ಹನಿಹನಿಯಾಗಿ ಬಿದ್ದು ಅಸಿಟಲೀನ್ ಗ್ಯಾಸ್ ಹುಟ್ಟುತ್ತದೆ, ಉರಿಯುವುದು ಅದೇ. ಕೊನೆಗೆ ಸುಣ್ಣ ಉಳಿಯುತ್ತದೆ. ಗ್ಯಾಸ್ ಅವರ ಪಾಲಿಗೆ, ಸುಣ್ಣ ನನ್ನ ಪಾಲಿಗೆ.

ಆ ಸುಣ್ಣವನ್ನು ಹಾಗೇ ಬಿಟ್ಟರೆ ಗಟ್ಟಿಯಾಗಿ ಕೂತುಬಿಡುತ್ತದೆ. ವಿನೆಗರ್ ಹಾಕಿ ನೆನೆಸಬೇಕು, ಹಳೇ ಟೂತ್‌ಬ್ರಷ್ಷಿನಲ್ಲಿ ತಿಕ್ಕಬೇಕು. ನಮ್ಮನೆಯಲ್ಲಿ ಹಳೇ ಟೂತ್‌ಬ್ರಷ್ ಇಲ್ಲ. ಅವರ ಕಣ್ಣಿಗೆ ಬಿದ್ದದ್ದೇ ಹಳೇದು. ಬರ್ನರಿನ ಎರಡು ಸಣ್ಣ ತೂತುಗಳಿಗೆ ಸ್ಟವ್ ಪಿನ್ ದಪ್ಪವಾಯಿತಂತೆ, ಮಗಳ ಗಿಟಾರಿನ ತಂತಿ ಹೋಯಿತು. ಕಾರ್ಬೈಡ್ ಕೇಳಲು ವೆಲ್ಡಿಂಗ್ ಅಂಗಡಿಗೆ ಹೋದರೆ ಅವನು ಇವರನ್ನು ಮೇಲಿಂದ ಕೆಳಗೆ ನೋಡಿ, "ಮಾವಿನಹಣ್ಣಿಗಾ ಸಾರ್? ಅದು ಬ್ಯಾನ್ ಆಗಿದೆ" ಅಂದನಂತೆ.

ಇಷ್ಟನ್ನೂ ತಡೆದುಕೊಳ್ಳಬಹುದು. ಬಂದವರಿಗೆಲ್ಲ ಹಚ್ಚಿ ತೋರಿಸುವ ಚಟ ಮಾತ್ರ ತಡೆಯೋಕಾಗಲ್ಲ.

ಮೊನ್ನೆ ನಾದಿನಿಯ ಬೀಗರು ಬಂದಿದ್ದರು, ಮೊದಲ ಸಲ. ಕಾಫಿ ಕೊಟ್ಟಿದ್ದೇ ತಡ, ಇವರು ದೀಪ ತಂದು ಟೀಪಾಯಿ ಮೇಲೆ ಇಟ್ಟರು. 1892ರಲ್ಲಿ ವಿಲ್ಸನ್ ಎಂಬಾತ ಅಲ್ಯೂಮಿನಿಯಂ ಮಾಡಲು ಹೋಗಿ ಕಾರ್ಬೈಡ್ ಮಾಡಿದ ಕಥೆ ಮುಗಿಯುವಷ್ಟರಲ್ಲಿ ಕಾಫಿ ಕೆನೆ ಕಟ್ಟಿತ್ತು. ಆಮೇಲೆ ತಿರುಪು ತಿರುಗಿಸಿ, ದೀಪಕ್ಕೆ ಕಿವಿ ಕೊಟ್ಟು, ಒಂದು ಬೆರಳು ಎತ್ತಿದರು. ಅಂದರೆ ಯಾರೂ ಮಾತಾಡಬಾರದು, ಗ್ಯಾಸ್ ಬರುವ ಸದ್ದು ಕೇಳಬೇಕು. ಬೀಗರು ಲೋಟ ಬಾಯಿ ಹತ್ತಿರ ಹಿಡಿದು ಹಾಗೇ ಕೂತರು. ಬೀಗಿತ್ತಿ ಕೆಮ್ಮು ನುಂಗಿಕೊಂಡರು. ನಾದಿನಿ ನನ್ನ ಕಡೆ ನೋಡಿದಳು, ನಾನು ಫ್ಯಾನ್ ನೋಡಿದೆ. ಸ್ಸ್ಸ್... "ಬಂತು! ಕೇಳಿಸ್ತಾ?" ಅಂತ ಇವರು ಕಡ್ಡಿ ಗೀರಿದರು. ಹತ್ತಲಿಲ್ಲ. ಇನ್ನೊಂದು ಗೀರಿದರು. ಸದ್ದು ಜಾಸ್ತಿಯಾಯಿತು. "ಪ್ರೆಶರ್ ನೋಡಿ ಹೇಗಿದೆ!" ಅಂದರು. ಅಷ್ಟರಲ್ಲಿ ಅಡುಗೆಮನೆಯಲ್ಲಿ ಕುಕ್ಕರ್ ವಿಷಲ್ ಹಾಕಿತು.

ಬೀಗರು ದೊಡ್ಡ ಮನುಷ್ಯರು, ನಗಲಿಲ್ಲ. ದೀಪ ಹತ್ತಲಿಲ್ಲ, ನಾತ ಮಾತ್ರ ಕೊಳೆತ ಬೆಳ್ಳುಳ್ಳಿಯ ಹಾಗೆ ಮನೆಯೆಲ್ಲ ತುಂಬಿತು. ಮೇಲಿನ ಮನೆಯ ಆಂಟಿ ಓಡಿ ಬಂದು ನಮ್ಮ ಸಿಲಿಂಡರ್ ಆಫ್ ಮಾಡಿದರು. ಬೇಳೆ ಅರ್ಧ ಬೆಂದಿತ್ತು. "ಆ ವಾಸನೆ ಅಸಿಟಲೀನಿಂದಲ್ಲ ಆಂಟಿ, ಜೊತೆಗೆ ಬರುವ ಫಾಸ್ಫೀನಿಂದು" ಅಂತ ಇವರು ತಿದ್ದಿದರು. ಆಂಟಿಗೆ ಸಮಾಧಾನ ಆದ ಹಾಗೆ ಕಾಣಲಿಲ್ಲ.

ಹೇಳಬಾರದು, ಆದರೆ ಆ ನಾತ ನನಗೂ ಹಳೇ ಪರಿಚಯ. ಚಿಕ್ಕವಳಿದ್ದಾಗ ಜಾತ್ರೆಯಲ್ಲಿ ಮಂಡಕ್ಕಿ ಅಂಗಡಿಗಳ ಸಾಲು ಶುರುವಾಯಿತು ಅಂತ ತಿಳಿಯುತ್ತಿದ್ದದ್ದೇ ಅದರಿಂದ. ಬಿಳೀ ಬೆಳಕಲ್ಲಿ ಬೆಂಡು ಬತ್ತಾಸಿನ ಗುಡ್ಡೆ, ಅಪ್ಪನ ಬೆರಳು ಹಿಡಿದು ನಾನು. ಈಗ ಅಲ್ಲೆಲ್ಲ ಎಲ್‌ಇಡಿ.

ಇದನ್ನು ಇವರ ಹತ್ತಿರ ಬಾಯಿ ಬಿಡಲಾರೆ. ಬಿಟ್ಟರೆ "ನಿನಗೂ ಇಷ್ಟ ಅಲ್ವಾ" ಅಂತ ಇನ್ನೊಂದು ದೀಪ ಬರುತ್ತದೆ. ಈಗಾಗಲೇ ಆನ್‌ಲೈನಲ್ಲಿ ಗಾಜಿಲ್ಲದ್ದು ಒಂದನ್ನು ಗೊತ್ತುಮಾಡಿಟ್ಟಿದ್ದಾರೆ. ನಾನು ಅರ್ಧ ಕೇಜಿ ಹುಣಸೆಹಣ್ಣು ತಂದು ಅಕ್ಕಿ ಡ್ರಮ್ಮಿನ ತಳದಲ್ಲಿ ಹೂತಿಟ್ಟಿದ್ದೇನೆ.