ಬೆಂಗಳೂರಿಂದ ನಮ್ಮೂರ ಹತ್ರದ ಫಾರ್ಮ್ ಪ್ಲಾಟಿಗೆ ಬರೀ ನಲವತ್ತೈದು ನಿಮಿಷ ಅಂತೆ!

ಯಶವಂತಪುರದಿಂದ ಮನೆ ಕಡೆ ಹೋಗೋ ನನ್ನ ರೈಲು ಸೋಲದೇವನಹಳ್ಳೀಲಿ ನಿಂತು ಇಪ್ಪತ್ತು ನಿಮಿಷ ಆಯ್ತು. ಹಿಂದ್ಗಡೆ ಯಾವುದೋ ಎಕ್ಸ್‌ಪ್ರೆಸ್ ಬರ್ತಿದೆಯಂತೆ, ಅದು ದೊಡ್ಡವ್ರ ಗಾಡಿ, ಮೊದ್ಲು ಹೋಗ್ಬೇಕು, ನಮ್ದು ಪ್ಯಾಸೆಂಜರ್, ನಾವು ಕಾಯ್ಬೇಕು. ಇರ್ಲಿ ಬಿಡಿ, ಹೆಂಗೂ ಟೈಮಿದೆ, ನಿನ್ನೆಯಿಂದ ಹೊಟ್ಟೇಲಿ ಕುದೀತಿರೋದನ್ನ ಇಲ್ಲೇ ಬರೆದು ಕಕ್ಕಿಬಿಡ್ತೀನಿ.

ನಿನ್ನೆ ಭಾನುವಾರ ನನ್ನ ಹಳೇ ಕ್ಲಾಸ್‌ಮೇಟ್ ಒಬ್ಬ ಹೆಂಡ್ತಿ ಸಮೇತ ಬಂದಿದ್ದ. ನಮ್ಮೂರಿನ ಹತ್ರಾನೇ ಒಂದು ಫಾರ್ಮ್ ಪ್ಲಾಟ್ ನೋಡ್ಬೇಕು, ನೀನು ಲೋಕಲ್, ಜೊತೆಗೆ ಬಾ ಅಂದ. ನಾನು ಲೋಕಲ್ಲಂತೆ! ತಿಪಟೂರು ಕಡೆಯವನು ಡಾಬಸ್‌ಪೇಟೆ ಪಕ್ಕದಲ್ಲಿ ಮನೆ ಕಟ್ಕೊಂಡು ಎಂಟು ವರ್ಷ ಆಗಿದ್ದಕ್ಕೆ ಲೋಕಲ್ ಆಗ್ಬಿಟ್ಟೆ. ಊರಿನವ್ರು ಇವತ್ತಿಗೂ ನಮ್ಮನೇನ ‘ಬೆಂಗಳೂರವ್ರ ಮನೆ’ ಅಂತಾನೇ ಅನ್ನೋದು.

ಸರಿ, ಹೋದ್ವಿ. ಬೆಳಗ್ಗೆ ಎಂಟು ಗಂಟೆ, ಸಂಕ್ರಾಂತಿ ಕಳೆದ ಮೊದಲನೇ ಭಾನುವಾರ, ಶಿವಗಂಗೆ ಬೆಟ್ಟದ ಸೊಂಟಕ್ಕೆ ಮಂಜು ಸುತ್ಕೊಂಡಿದೆ, ಬೇಲಿ ಮೇಲೆ ಅವರೆ ಬಳ್ಳಿ, ಅದರ ಸೊಗಡು, ಎಲ್ಲ ಸಿನಿಮಾದ ಥರ. ಗೇಟಲ್ಲಿ ಟಕ್ ಇನ್ ಮಾಡ್ಕೊಂಡಿದ್ದ ಹುಡುಗ ಬ್ರೋಷರ್ ಕೊಟ್ಟ. ಮುಖಪುಟದ ಮೇಲೆ ದಪ್ಪ ಅಕ್ಷರದಲ್ಲಿ ‘ಬೆಂಗಳೂರಿನಿಂದ ಕೇವಲ 45 ನಿಮಿಷ’.

ನಾನು ಕೇಳಿದೆ, ಬೆಂಗಳೂರಿನ ಎಲ್ಲಿಂದಪ್ಪಾ?

‘ಮಾದಾವರ ಮೆಟ್ರೋ ಸ್ಟೇಷನ್ ಇಂದ ಸಾರ್.’

ಮಾದಾವರ! ಅಲ್ಲ ಸ್ವಾಮಿ, ಮಾದಾವರ ಬೆಂಗಳೂರಿನ ಹೊಸಿಲು ಕೂಡ ಅಲ್ಲ, ಕಾಂಪೌಂಡಿನ ಗೇಟು. ಮೆಟ್ರೋ ಅಲ್ಲಿಗೆ ಬಂದಿದ್ದೇ 2024ರ ನವೆಂಬರಲ್ಲಿ. ನನ್ನ ಗೆಳೆಯನ ಆಫೀಸಿರೋದು ಬೆಳ್ಳಂದೂರಲ್ಲಿ, ಔಟರ್ ರಿಂಗ್ ರೋಡ್ ಮೇಲೆ. ಮಾದಾವರದಿಂದ ಅವನ ಕುರ್ಚಿಗೆ ಇನ್ನೂ ಮೂವತ್ತು-ಮೂವತ್ತೈದು ಕಿಲೋಮೀಟರ್ ಬಾಕಿ. ಅದೂ ಯಾವ ಮೂವತ್ತೈದು? ಎಂಟನೇ ಮೈಲಿ, ಜಾಲಹಳ್ಳಿ ಕ್ರಾಸ್, ಗೊರಗುಂಟೆಪಾಳ್ಯ, ಹೆಬ್ಬಾಳ, ಕೆ.ಆರ್.ಪುರ, ಸಿಲ್ಕ್ ಬೋರ್ಡ್ ದಿಕ್ಕಿನ ಮೂವತ್ತೈದು. ಬೆಂಗಳೂರಲ್ಲಿ ಕಿಲೋಮೀಟರಿಗೆ ಬೆಲೆಯೇ ಇಲ್ಲ ಅಂತ ಇಪ್ಪತ್ತು ವರ್ಷ ಇಲ್ಲೇ ಇದ್ದವನಿಗೆ ನಾನು ಹೇಳ್ಕೊಡ್ಬೇಕಾ? ಆದ್ರೆ ಅವನು ತಲೆ ಅಲ್ಲಾಡಿಸ್ತಿದಾನೆ, ‘ಫಾರ್ಟಿ ಫೈವ್ ಮಿನಿಟ್ಸ್ ಈಸ್ ನಥಿಂಗ್ ಕಣೋ, ನಮ್ಮ ಏರಿಯಾದಲ್ಲಿ ಹಾಲು ತರೋಕೆ ಹೋದ್ರೂ ಅಷ್ಟಾಗುತ್ತೆ’ ಅಂತ.

ನನ್ನ ತಕರಾರು ಇದೊಂದೇ ನೋಡಿ. ಮನೆ ನೋಡೋಕೆ ಭಾನುವಾರ ಬೆಳಗ್ಗೆ ಬರ್ತಾರೆ. ಬದುಕೋದು ಸೋಮವಾರ ಬೆಳಗ್ಗೆ. ನಿನ್ನೆ ಅವನು ಬೆಳ್ಳಂದೂರು ಬಿಟ್ಟಿದ್ದು ಆರೂಕಾಲಕ್ಕೆ, ನಮ್ಮನೆ ಮುಂದೆ ಏಳೂವರೆಗೆ ಹಾರ್ನ್ ಹೊಡೆದ. ‘ನೋಡು, ಬರೀ ಒಂದೂಕಾಲು ಗಂಟೆ!’ ಅಂತ ಖುಷಿಪಟ್ಟ. ಅಲ್ಲಯ್ಯಾ, ಭಾನುವಾರ ಆರೂಕಾಲಕ್ಕೆ ಬೆಂಗಳೂರಲ್ಲಿ ಎದ್ದಿರೋದು ಪೇಪರ್ ಹಾಕೋ ಹುಡುಗ್ರು ಮತ್ತೆ ನೀನು. ಅದೇ ದಾರೀಲಿ ಸೋಮವಾರ ಎಂಟಕ್ಕೆ ಬಾ, ಶುಕ್ರವಾರ ಸಂಜೆ ಬಾ, ಗೌರಿ ಹಬ್ಬದ ಹಿಂದಿನ ದಿನ ಬಾ, ಆಯುಧಪೂಜೆ ಮುಗಿಸ್ಕೊಂಡು ಅರ್ಧ ಕರ್ನಾಟಕ ವಾಪಸ್ ಬರ್ತಿರೋ ರಾತ್ರಿ ಬಾ. ಆಮೇಲೆ ಮಾತಾಡೋಣ.

ಈ ಕಡೆಯಿಂದ ಊರೊಳಗೆ ಹೋಗೋ ದೊಡ್ಡ ದಾರಿ ಅಂದ್ರೆ ತುಮಕೂರು ರಸ್ತೆ ಒಂದೇ. 2021ರ ಡಿಸೆಂಬರಲ್ಲಿ ಪೀಣ್ಯ ಫ್ಲೈಓವರ್‌ನ ಕೇಬಲ್ ಕೆಟ್ಟಿದೆ ಅಂತ ಮುಚ್ಚಿದ್ರಲ್ಲ, ನೆನಪಿದೆಯಾ? ಸಣ್ಣ ಗಾಡಿಗಳನ್ನ ಮುಂದಿನ ಫೆಬ್ರವರೀಲಿ ಬಿಟ್ರು, ದೊಡ್ಡ ಗಾಡಿಗಳಿಗೆ 2024ರವರೆಗೂ ಕೆಳಗಿನ ರಸ್ತೆಯೇ ಗತಿ. ಲಾರಿ ಬಸ್ಸು ಎಲ್ಲ ಕೆಳಗೆ. ಬೈಕಲ್ಲಿ ಹೋಗ್ತಿದ್ದ ನಾನು ಆ ಕಾಲದಲ್ಲೇ ಬೈಕ್ ಬಿಟ್ಟು ಪೂರ್ತಿ ರೈಲು ಹಿಡಿದಿದ್ದು. ಒಂದು ಸೇತುವೆಯ ಹೊಟ್ಟೆಯೊಳಗಿನ ಕೇಬಲ್ಲು ನನ್ನ ಮನೆಯಿಂದ ಆಫೀಸಿನ ದೂರಾನ ನಿರ್ಧಾರ ಮಾಡುತ್ತೆ ಅಂತ ಯಾವ ಬ್ರೋಷರಲ್ಲಿ ಬರೆದಿರ್ತಾರೆ?

ನನ್ನ ಲೆಕ್ಕ ಹೇಳ್ತೀನಿ ಕೇಳಿ, ಸುಳ್ಳಿಲ್ಲ. ಮನೆಯಿಂದ ನಿಡವಂದ ಸ್ಟೇಷನ್ನಿಗೆ ಬೈಕು ಹತ್ತು ನಿಮಿಷ. ಪ್ಲಾಟ್‌ಫಾರಂ ಮೇಲೆ ಹತ್ತು ನಿಮಿಷ. ಯಶವಂತಪುರಕ್ಕೆ ಒಂದು ಗಂಟೆ ಮೇಲೆ ಐದು ನಿಮಿಷ. ಮೆಟ್ರೋಗೆ ನಡೆದು ರಾಜಾಜಿನಗರಕ್ಕೆ ಮೂರು ಸ್ಟಾಪು, ಇಳಿದು ಮತ್ತೆ ನಡಿಗೆ. ಎಲ್ಲ ಸರಿಯಿದ್ರೆ ಒಂದು ಗಂಟೆ ಐವತ್ತು ನಿಮಿಷ. ಎಲ್ಲ ಸರಿಯಿರೋದು ವಾರಕ್ಕೆ ಎರಡು ದಿನ. ಮಿಕ್ಕಿದ್ದು ಈಗ ನಿಂತಿದೀನಲ್ಲ, ಹಿಂಗೆ. ನನ್ನ ಪುಣ್ಯಕ್ಕೆ ಆಫೀಸು ಇದೇ ದಿಕ್ಕಿನಲ್ಲಿದೆ. ಬೆಳ್ಳಂದೂರಿನವನು ಏನ್ ಮಾಡ್ತಾನೆ?

‘ಮೆಟ್ರೋ ತುಮಕೂರುವರೆಗೂ ಬರುತ್ತೆ ಸಾರ್, ಸಬರ್ಬನ್ ರೈಲೂ ಬರುತ್ತೆ’ ಅಂದ ಟಕ್ ಇನ್ ಹುಡುಗ. ಆ ಮೆಟ್ರೋ ಇನ್ನೂ ಕಾಗದದ ಮೇಲಿದೆ. ಸಬರ್ಬನ್ನಿಗೆ 2022ರಲ್ಲಿ ಪ್ರಧಾನಿ ಬಂದು ಅಡಿಗಲ್ಲು ಹಾಕಿದ್ರು, ಒಟ್ಟು 148 ಕಿಲೋಮೀಟರು, ನಾಲ್ಕು ಲೈನು, ಸಂಪಿಗೆ ಮಲ್ಲಿಗೆ ಪಾರಿಜಾತ ಕನಕ ಅಂತ ಹೂವಿನ ಹೆಸರು ಬೇರೆ. ನಮ್ಮ ದಿಕ್ಕಿನ ಮಲ್ಲಿಗೆ ಚಿಕ್ಕಬಾಣಾವರಕ್ಕೇ ಮುಗಿದೋಗುತ್ತೆ. ಅಲ್ಲಿಂದ ಇಲ್ಲಿಗೆ ಅದರ ಘಮ ಬರ್ಬೇಕಷ್ಟೆ. ಹಾಂ, ಒಂದು ಒಪ್ಕೋತೀನಿ, ಡಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರದ ಮೇಲೆ ಹೊಸಕೋಟೆಗೆ ಹೊಸ ರಿಂಗ್ ರೋಡ್ ಆಗಿದೆ, ಚೆನ್ನಾಗಿದೆ, ದೇವನಹಳ್ಳಿ ಕಡೆ ಕೆಲಸ ಇರೋರಿಗೆ ವರ. ಇವನ ಕೆಲಸ ಅಲ್ಲಿಲ್ಲ.

ಹಿಂಗಂದಾಗ ಗೆಳೆಯನ ಹೆಂಡ್ತಿ, ಪಾಪ ಒಳ್ಳೇ ಹೆಣ್ಮಗಳು, ‘ಆದ್ರೆ ಈಗೆಲ್ಲ ವರ್ಕ್ ಫ್ರಂ ಹೋಮ್ ಅಲ್ವಾ ಅಣ್ಣ, ವಾರಕ್ಕೆ ಮೂರೇ ದಿನ ಆಫೀಸು’ ಅಂದ್ರು. ಇದು ಎಲ್ರೂ ಹೇಳೋ ಮಾತು, ಕೇಳೋಕೆ ನ್ಯಾಯವಾಗೇ ಇದೆ. ಆದ್ರೆ ಮೂರು ದಿನ ಅನ್ನೋದು ನಿಮ್ಮ ಮ್ಯಾನೇಜರಿನ ಮೂಡು, ಶಾಸನ ಅಲ್ಲ. ಮನೆ ಸಾಲ ಇಪ್ಪತ್ತು ವರ್ಷ. ಮತ್ತೆ ವರ್ಕ್ ಫ್ರಂ ಹೋಮ್ ಮಾಡೋಕೆ ಕರೆಂಟ್ ಬೇಕಲ್ಲ ತಾಯಿ? ಇಲ್ಲೊಂದು ಸೂಕ್ಷ್ಮ ಇದೆ, ಪ್ಯಾಟೆಯವ್ರಿಗೆ ಗೊತ್ತಾಗಲ್ಲ. ನಿರಂತರ ಜ್ಯೋತಿ ಅಂತ ಸರ್ಕಾರ ಊರಿಗೊಂದು ಲೈನು, ಪಂಪ್‌ಸೆಟ್ಟಿಗೊಂದು ಲೈನು ಬೇರೆ ಮಾಡಿದೆ. ಊರೊಳಗಿನ ಮನೆಗೆ ಕರೆಂಟ್ ಇರುತ್ತೆ. ಊರಾಚೆ ತೋಟದ ಮಧ್ಯೆ ಮನೆ ಕಟ್ಟಿದ್ರೋ, ಬಹಳ ಕಡೆ ನೀವು ಪಂಪ್‌ಸೆಟ್ಟಿನ ಲೈನಿಗೆ ಬೀಳ್ತೀರ, ತ್ರೀ ಫೇಸು ದಿನಕ್ಕೆ ಏಳು ಗಂಟೆ, ಅದೂ ಎಷ್ಟೋ ಸಲ ರಾತ್ರಿ. ನಿಮ್ಮ ಜೂಮ್ ಮೀಟಿಂಗೂ ರೈತನ ಮೋಟ್ರೂ ಒಂದೇ ತಂತೀಲಿ. ಆ ಪ್ಲಾಟಿಗೆ ಯಾವ ಲೈನು ಅಂತ ಕೇಳಿದ್ದಕ್ಕೆ ಹುಡುಗ ‘ಕ್ಲಬ್ ಹೌಸಿಗೆ ಜನರೇಟರ್ ಇದೆ ಸಾರ್’ ಅಂದ.

ಕಾಗದ ಪತ್ರದ ವಿಷಯ ತುಂಬಾ ಎಳೆಯಲ್ಲ. ಭೂಸುಧಾರಣಾ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ಆದ್ಮೇಲೆ ರೈತರಲ್ಲದವರೂ ಜಮೀನು ತಗೋಬಹುದು ನಿಜ, ಆದ್ರೆ ತಗೊಳ್ಳೋದು ಬೇರೆ, ಅದರ ಮೇಲೆ ಸೈಟಿನ ಥರ ಮನೆ ಕಟ್ಟೋದು ಬೇರೆ, ಅದಕ್ಕೆ ಡಿಸಿ ಕನ್ವರ್ಷನ್, ಅಂದ್ರೆ ಕೃಷಿ ಜಮೀನನ್ನ ಬೇರೆ ಬಳಕೆಗೆ ಬದಲಾಯಿಸೋ ಅನುಮತಿ ಬೇಕು. ಹತ್ತು ಗುಂಟೇನ ‘10,890 ಚದರಡಿ’ ಅಂತ ಬರೆದ ತಕ್ಷಣ ಹೊಲ ಸೈಟಾಗಲ್ಲ. ಪಹಣೀಲಿ ಖರಾಬು, ಅಂದ್ರೆ ಸಾಗುವಳಿಗೆ ಬರದ ಜಾಗ, ಎಷ್ಟಿದೆ ನೋಡಿ, ಬಿ ಖರಾಬು ಅಂದ್ರೆ ಹಳ್ಳ, ದಾರಿ, ಅದು ಊರಿನದು, ಮಾರೋನದ್ದಲ್ಲ. ಹಳೇ ದಾಖಲೇಲಿ ಪರಿಶಿಷ್ಟರಿಗೆ ಮಂಜೂರಾದ ಜಮೀನಾ ನೋಡಿ, ಅಂಥ ಜಮೀನಿನ ಮಾರಾಟ ತಡೆಯೋಕೆ 1978ರ ಪಿಟಿಸಿಎಲ್ ಕಾಯ್ದೆ ಇದೆ, ಅದನ್ನ ಮೀರಿ ಮಾರಿದ್ರೆ ಅವರು ವಾಪಸ್ ಕೇಳಬಹುದು, 2023ರ ತಿದ್ದುಪಡಿ ಪ್ರಕಾರ ಅದಕ್ಕೆ ಕಾಲಮಿತಿ ಇಲ್ಲ, ಕೇಳಲೂಬೇಕು ಅನ್ನೋನು ನಾನು, ಅದಕ್ಕೆ ಜಗಳ ಆಡೋರು ಬೇರೆ ಪೋಸ್ಟಿಗೆ ಬನ್ನಿ. ನಾನು ಈ ಪ್ರಶ್ನೆ ಕೇಳಿದ್ರೆ ಗೆಳೆಯ ನನ್ನ ಮೊಣಕೈ ತಿವೀತಾನೆ, ‘ಬಿಡೋ, ಎಲ್ಲ ಅವ್ರ ಲೀಗಲ್ ಟೀಮ್ ನೋಡ್ಕೊಂಡಿರುತ್ತೆ’ ಅಂತ. ಮಾರೋನ ವಕೀಲ ನಿನಗ್ಯಾಕೋ ನೋಡ್ತಾನೆ!

ವಾಪಸ್ ಬರೋವಾಗ ಒಂದು ತಮಾಷೆ. ನಮ್ಮೂರ ರಸ್ತೇಲಿ ರಾಗಿ ಹುಲ್ಲು ಹಾಸಿದ್ರು, ಒಕ್ಕಣೆ ಕಾಲ. ಗೆಳೆಯ ಗಕ್ಕಂತ ಬ್ರೇಕ್ ಹಾಕಿ, ಅನ್ನದ ಮೇಲೆ ಹೆಂಗೆ ಹತ್ಸೋದು ಅಂತ ಕಾರನ್ನ ಪಕ್ಕದ ಮಣ್ಣಿಗೆ ಇಳಿಸೋಕೆ ಹೋದ. ಬೇವಿನ ಮರದ ಕೆಳಗೆ ಬೀಡಿ ಸೇದ್ತಾ ಕೂತಿದ್ದ ಗೌಡ್ರು ಎದ್ದು ನಿಂತು ಟವೆಲ್ ಬೀಸಿ ಕೂಗಿದ್ರು, ‘ಮ್ಯಾಲೇ ಹತ್ಸಿ ಸ್ವಾಮೀ, ಅದ್ಕೇ ಹಾಕಿರಾದು!’ ಇವನು ಅಂಜಿಕೊಂಡು ಒಂದು ಸಲ ಹತ್ಸಿದ. ಗೌಡ್ರಿಗೆ ಸಮಾಧಾನ ಆಗಲಿಲ್ಲ. ‘ಹಂಗೇ ರಿವರ್ಸ್ ಬನ್ನಿ.’ ಐವತ್ತು ಲಕ್ಷದ ಪ್ಲಾಟು ನೋಡೋಕೆ ಬಂದವನ ಕೈಲಿ ನಾಲ್ಕು ಸಲ ಹಿಂದೆ ಮುಂದೆ ಓಡಿಸಿ ರಾಗಿ ಒಕ್ಕಿಸಿಬಿಟ್ರು. ಅಡೀಲಿ ಹುಲ್ಲು ಸಿಕ್ಕಾಕೊಂಡು ವಾಸನೆ ಬರೋಕೆ ಶುರುವಾಯ್ತು, ನಾನೇ ಬಗ್ಗಿ ಕಿತ್ತೆ. ನಿನ್ನೆ ನಡೆದದ್ದರಲ್ಲಿ ಉಪಯೋಗಕ್ಕೆ ಬಂದ ಕೆಲಸ ಅದೊಂದೇ.

ಈಗ ನಿಜ ಹೇಳ್ಬಿಡ್ತೀನಿ, ಯಾಕಂದ್ರೆ ಕೆಳಗೆ ಕಮೆಂಟಲ್ಲಿ ನನ್ನ ತಮ್ಮ ಬಂದು ಹೇಳೇ ಹೇಳ್ತಾನೆ. ನಾನೂ ಭಾನುವಾರವೇ ನೋಡಿದ್ದು. ಸೆಪ್ಟೆಂಬರ್ ತಿಂಗಳು, ರಾಗಿ ಹಸಿರು ಮೊಣಕಾಲೆತ್ತರ, ಕುಂಟೇಲಿ ನೀರು, ಬೋರಿನಿಂದ ಎರಡಿಂಚು ನೀರು ದಬದಬ ಬೀಳ್ತಿತ್ತು. ಆವತ್ತು ಹೆಂಡ್ತಿಗೆ ‘ಯಶವಂತಪುರಕ್ಕೆ ನಲವತ್ತೈದು ನಿಮಿಷ ಅಷ್ಟೇ’ ಅಂತ ಹೇಳಿದ್ದು ಯಾವ ಬ್ರೋಕರೂ ಅಲ್ಲ, ನಾನೇ. ಅವಳು ಇವತ್ತಿಗೂ ಆ ನಂಬರನ್ನ ಬೈಗುಳದ ಥರ ಬಳಸ್ತಾಳೆ. ‘ಎಷ್ಟೊತ್ತಿಗೆ ಬರ್ತೀಯ? ನಲವತ್ತೈದು ನಿಮಿಷಾನಾ?’ ಅಂತ. ಮೂರನೇ ವರ್ಷದ ಮೇ ತಿಂಗಳಲ್ಲಿ ಆ ಬೋರು ಬರೀ ಗಾಳಿ ಬಿಡ್ತು. ಹೊಸದು ಸಾವಿರದ ನೂರು ಅಡಿಗೆ ಹೋಗಿದೆ. ಆ ಲಾರಿ ರಾತ್ರಿಯೆಲ್ಲ ಕೊರೀತಾ ಇದ್ರೆ, ಮೀಟರ್ ಓಡಿದ ಹಾಗೆ ಅಡಿಗಿಷ್ಟು ಅಂತ ದುಡ್ಡು ಓಡ್ತಾ ಇದ್ರೆ, ಮಂಚದ ಮೇಲೆ ಮಲಗಿ ಕೇಳಿಸ್ಕೊಳ್ಳೋ ಸಂಕಟ ಬೇಡಪ್ಪ.

ಹೋದ ವರ್ಷ ಪಕ್ಕದ ಮನೆ ಅಜ್ಜಿ ನನ್ನ ಹೆಂಡ್ತಿನ ಕೇಳಿದ್ರಂತೆ, ‘ನಿಮ್ಮೆಜಮಾನ್ರು ಮಿಲಿಟ್ರೀಲವ್ರಾ?’ ಅಂತ. ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರೋ ಗಂಡಸನ್ನ ಅವ್ರು ಕಂಡಿದ್ದು ಯಾವಾಗ? ಚಳಿಗಾಲದಲ್ಲಿ ನಮ್ಮನೆ ಗೋಡೆಯ ಬಣ್ಣ ನಾನು ನೋಡೋದು ಭಾನುವಾರ ಮಾತ್ರ. ನಾನು ಕಷ್ಟಪಟ್ಟು ತಗೊಂಡಿದ್ದು ಏಳು ದಿನದ ಹಳ್ಳೀನ, ಸಿಕ್ಕಿದ್ದು ಒಂದು ದಿನದ್ದು. ಉಳಿದ ಆರು ದಿನ ಇರೋಳು ಅವಳು. ಶಿವಗಂಗೆ ಸೀಮೇಲಿ 2024ರ ನವೆಂಬರಲ್ಲಿ ಮೇವಿಗೆ ಹೋದ ಹೆಣ್ಣುಮಗಳನ್ನ ಚಿರತೆ ಕೊಂದ ವಾರ, ನಾನು ಯಶವಂತಪುರದಲ್ಲಿ ರೈಲಿಗೆ ಕಾಯ್ತಾ ‘ಬಾಗಿಲು ಹಾಕ್ಕೋ, ನಾಯಿ ಒಳಗೆ ಕರ್ಕೋ’ ಅಂತ ಫೋನಲ್ಲಿ ಧೈರ್ಯ ಹೇಳ್ತಿದ್ದೆ. ದೊಡ್ಡ ಧೀರ.

ಹಂಗಾದ್ರೆ ಮಾರ್ಕೊಂಡು ಬಾರೋ ಅಂತೀರ. ಬರಲ್ಲ. ಯಾಕೆ ಅಂತ ಕೇಳ್ಬೇಡಿ, ರೈಲಲ್ಲಿ ಕೂತು ಹೇಳೋಕಾಗಲ್ಲ. ಈ ಡಬ್ಬೀಲಿ ಎದುರಿಗೆ ಇಸ್ಪೀಟು ನಡೀತಿದೆ, ಕ್ಯಾತ್ಸಂದ್ರದ ಮೇಷ್ಟ್ರು ಇವತ್ತೂ ಸೋಲ್ತಿದಾರೆ, ಯಾರೋ ಹಿತಕಿದ ಅವರೆಬೇಳೆ ಉಪ್ಪಿಟ್ಟಿನ ಡಬ್ಬಿ ಮುಂದೆ ಹಿಡಿದ್ರು, ತಿಂತಾ ಬರೀತಿದೀನಿ. ಬೆಳ್ಳಂದೂರಿನ ಕ್ಯಾಬಲ್ಲಿ ಇದೆಲ್ಲ ಸಿಗಲ್ಲ ಅಂತ ಜಂಬ ಹೊಡೀಬಹುದು, ಆದ್ರೆ ಅದೇ ಭಾನುವಾರದ ಮಾತಾಗುತ್ತೆ ಅಂತ ಭಯ.

ಗೆಳೆಯನಿಗೆ ಹೇಳಿದ್ದು ಇಷ್ಟೇ. ಇವತ್ತು ರಾತ್ರಿ ನಮ್ಮನೇಲೇ ಉಳ್ಕೋ, ಸೋಮವಾರ ಬೆಳಗ್ಗೆ ನಿನ್ನ ಆಫೀಸಿಗೆ ಇಲ್ಲಿಂದ ಹೋಗು, ರಾತ್ರಿ ಇಲ್ಲಿಗೇ ಬಾ, ಮಂಗಳವಾರವೂ ಹೋಗು, ಬುಧವಾರ ಟೋಕನ್ ಅಡ್ವಾನ್ಸ್ ಕೊಡು. ಮತ್ತೆ ಮೇ ತಿಂಗಳಲ್ಲಿ ಒಂದ್ಸಲ ಬಂದು ಪಕ್ಕದ ಹೊಲದವನ ಬೋರು ಎಷ್ಟಡಿ ಅಂತ ಕೇಳು, ಪ್ಲಾಟ್ ಮಾರೋನನ್ನ ಅಲ್ಲ. ‘ಖಂಡಿತ ಕಣೋ’ ಅಂದ. ಅವನ ಹೆಂಡ್ತಿ ಪಕ್ಕದ ಮನೆ ಅಜ್ಜಿಯ ಹಸು ಸವರ್ತಾ ‘ಇಲ್ಲಿ ಫ್ರೆಶ್ ಹಾಲು ಸಿಗುತ್ತಲ್ಲ, ಮಕ್ಕಳಿಗೆ ಎಷ್ಟು ಒಳ್ಳೇದು’ ಅಂದ್ರು. ಅಜ್ಜಿ ನಕ್ಕರು.

ಈಗ ಹತ್ತು ನಿಮಿಷದ ಹಿಂದೆ ವಾಟ್ಸಪ್ ಬಂತು. ಟೋಕನ್ ಕೊಟ್ಟಾಯ್ತಂತೆ. ನಿನ್ನೆ ಸಂಜೇನೇ. ‘ಲಾಸ್ಟ್ ಟೂ ಪ್ಲಾಟ್ಸ್ ಇತ್ತು ಮಗಾ’ ಅಂತ, ಕೆಳಗೆ ಕೈ ಮುಗಿಯೋ ಎಮೋಜಿ. ಶಿವಗಂಗೆಯ ಫೋಟೋನೂ ಹಾಕಿದಾನೆ, ಮಂಜು ಸಮೇತ.

ಎಕ್ಸ್‌ಪ್ರೆಸ್ ಹೋಯ್ತು, ನಮ್ಮದೂ ಅಲ್ಲಾಡ್ತು. ಮನೆಯಿಂದ ಮೆಸೇಜು, ಸ್ಟೇಷನ್ ಹತ್ರ ಅಂಗಡಿ ಮುಚ್ಚೋದ್ರೊಳಗೆ ಬಂದ್ರೆ ಎರಡು ಪ್ಯಾಕೆಟ್ ನಂದಿನಿ ಹಾಲು ತರ್ಬೇಕಂತೆ, ಅಜ್ಜಿ ಹಾಲೆಲ್ಲ ಡೈರಿಗೆ ಹಾಕಾಯ್ತಂತೆ.