ಸತ್ಯಾಂಶ: ಮ್ಯಾಮತ್ ಒಂದೇ ಕ್ಷಣದಲ್ಲಿ ಹೆಪ್ಪುಗಟ್ಟಿತಾ?

‘ಹುಲ್ಲು ಮೇಯುತ್ತಿದ್ದ ಮ್ಯಾಮತ್ ನಿಂತಲ್ಲೇ ಹೆಪ್ಪುಗಟ್ಟಿತು, ಸೈಬೀರಿಯಾ ರಾತ್ರೋರಾತ್ರಿ ಹಿಮವಾಯಿತು’ ಎಂಬ ಫಾರ್ವರ್ಡ್ ನಿಮಗೂ ಬಂದಿರಬಹುದು. ಮ್ಯಾಮತ್ ಅಂದರೆ ಹಿಮಯುಗದ, ಈಗ ಅಳಿದುಹೋದ, ಆನೆ ಜಾತಿಯ ಪ್ರಾಣಿ. ಹುಲ್ಲಿನ ಮಾತು ನಿಜ. 1901ರಲ್ಲಿ ಸೈಬೀರಿಯಾದ ಬೆರೆಜೊವ್ಕಾ ನದಿ ದಂಡೆಯಲ್ಲಿ ಅಗೆದು ತೆಗೆದ ಮ್ಯಾಮತ್‌ನ ಹಲ್ಲುಗಳ ನಡುವೆ ಹುಲ್ಲು ಸಿಕ್ಕಿತ್ತು. ಆದರೆ ಸೊಂಟದ ಮೂಳೆ, ಮುಂಗಾಲು ಮುರಿದಿದ್ದವು. ಬಿದ್ದು, ಮಣ್ಣಿನಡಿ ಸಿಕ್ಕಿ ಸತ್ತಿರಬೇಕು. ಒಳಗಿನ ಅಂಗಗಳು ಕೊಳೆತಿದ್ದವು. ಕ್ಷಣದಲ್ಲಿ ಹೆಪ್ಪುಗಟ್ಟಿದ್ದರೆ ಹಾಗಾಗುತ್ತಿರಲಿಲ್ಲ, ಅಲ್ವಾ?

ಹವಾಮಾನ ಬದಲಾದ ಕಥೆಯನ್ನು ಅಲ್ಲಿನ ಕೆರೆಗಳ ತಳದ ಕೆಸರು ಹೇಳುತ್ತದೆ. ಒಂದೊಂದು ಪದರದಲ್ಲೂ ಆಯಾ ಕಾಲದ ಪರಾಗವಿದೆ. ಎಣಿಸುತ್ತಾ ಮೇಲೆ ಬಂದರೆ, ಸುಮಾರು 14,000 ವರ್ಷಗಳ ಹಿಂದೆ ಹುಲ್ಲಿನ ಪರಾಗ ಕಡಿಮೆಯಾಗಿ, ಕುಳ್ಳ ಬರ್ಚ್ ಪೊದೆಯದ್ದು ಜಾಸ್ತಿಯಾಗುತ್ತದೆ. ಒಣ ಹುಲ್ಲುಗಾವಲು ಜೌಗು ಟಂಡ್ರಾ (ಮರಗಳಿಲ್ಲದ ಶೀತ ಬಯಲು) ಆಗಿದ್ದು ಚಳಿ ಏರಿದ್ದರಿಂದಲ್ಲ, ನೆಲ ಬೆಚ್ಚಗಾಗಿ ತೇವ ಹೆಚ್ಚಿದ್ದರಿಂದ. ಸೈಬೀರಿಯಾದ ಉತ್ತರಕ್ಕಿರುವ ರಾಂಗೆಲ್ ದ್ವೀಪದಲ್ಲಂತೂ ಮ್ಯಾಮತ್‌ಗಳು ಸುಮಾರು 4,000 ವರ್ಷಗಳ ಹಿಂದಿನವರೆಗೂ ಬದುಕಿದ್ದವು.