ಆಪತ್ತಿಗೆಂದು ಕಟ್ಟಿದ ಚೀಲವನ್ನು ಕಿತ್ತುಕೊಳ್ಳುವವರಿಗೆ

ಟಿಕೆಟ್ಟಿನ ಜೊತೆ ಕಳುಹಿಸುವ ಷರತ್ತುಗಳನ್ನು ಯಾರೂ ಓದುವುದಿಲ್ಲ ಎಂಬ ಧೈರ್ಯ ವಿಮಾನ ಸಂಸ್ಥೆಗಳಿಗೆ ಇರಬಹುದು. ನಾನು ಓದುತ್ತೇನೆ. ಔಷಧ, ಹಣ, ಒಡವೆ, ಮುಖ್ಯವಾದ ಕಾಗದಪತ್ರಗಳನ್ನು ಲಗೇಜಿನಲ್ಲಿ ಹಾಕಬೇಡಿ, ಕೈಚೀಲದಲ್ಲಿಯೇ ಇಟ್ಟುಕೊಳ್ಳಿ, ಲಗೇಜಿನಲ್ಲಿ ಹಾಕಿ ಕಳೆದುಕೊಂಡರೆ ನಾವು ಹೊಣೆಯಲ್ಲ ಎಂದು ಅದರಲ್ಲಿ ಬರೆದಿರುತ್ತದೆ. ಪವರ್ ಬ್ಯಾಂಕನ್ನು ಲಗೇಜಿನಲ್ಲಿ ಹಾಕುವುದು ನಿಷಿದ್ಧ ಎಂದು ಕೆಂಪು ಅಕ್ಷರದಲ್ಲಿಯೂ ಬರೆದಿರುತ್ತದೆ. ಹೀಗೆ ಬರೆದ ಸಂಸ್ಥೆಯ ಸಿಬ್ಬಂದಿಯೇ ವಿಮಾನ ಹತ್ತುವ ಬಾಗಿಲಿನಲ್ಲಿ ನಿಂತು, ಅದೇ ಕೈಚೀಲಕ್ಕೆ ಟ್ಯಾಗ್ ಕಟ್ಟಿ, ಒಳಗೆ ಏನಿದೆ ಎಂದು ಒಂದು ಮಾತೂ ಕೇಳದೆ ಕೆಳಗಿನ ಲಗೇಜಿನ ಕೋಣೆಗೆ ತಳ್ಳುತ್ತಾರೆ ಎಂದಾದರೆ, ಪ್ರಯಾಣಿಕರು ಯಾರ ಮಾತನ್ನು ಪಾಲಿಸಬೇಕು?

ಗಲ್ಫಿನಲ್ಲಿರುವ ಅಣ್ಣನ ಮನೆಯಿಂದ ಅಮ್ಮನನ್ನು ಕರೆದುಕೊಂಡು ಉಡುಪಿಗೆ ಮರಳುವಾಗ ಆದ ಸಂಗತಿ ಇದು. ಅಮ್ಮನಿಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆ ಹಿಡಿದಿರುವಾಗ, ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜಪೆಗೆ ಹೊರಟ ವಿಮಾನ ಬಜಪೆಯಲ್ಲಿಯೇ ಇಳಿಯುತ್ತದೆ ಎಂದು ನಂಬಿ ಕೂರುವವರು ನಮ್ಮ ಕಡೆ ಯಾರೂ ಇಲ್ಲ. ಮೋಡ ಕವಿದರೆ ಕೊಚ್ಚಿಗೋ ಕಣ್ಣೂರಿಗೋ ಬೆಂಗಳೂರಿಗೋ ತಿರುಗುವುದು ಇಲ್ಲಿ ಮಾಮೂಲು. ಮಳೆ ಇಲ್ಲದ ಊರಿನಲ್ಲಿಯೂ ನೆಮ್ಮದಿ ಇಲ್ಲ ಎಂಬುದು 2024ರ ಏಪ್ರಿಲ್ 16ರಂದು ದುಬೈಯಲ್ಲಿ ಸುರಿದ ಮಳೆಯಿಂದ ಗೊತ್ತಾಯಿತು. ನೂರಾರು ವಿಮಾನಗಳು ರದ್ದಾಗಿ, ಸಾವಿರಾರು ಜನ ವಿಮಾನ ನಿಲ್ದಾಣದ ನೆಲದ ಮೇಲೆ ಮಲಗಿದರು; ಅವರ ಪೆಟ್ಟಿಗೆಗಳು ಬೇರೆಲ್ಲಿಯೋ ರಾಶಿ ಬಿದ್ದಿದ್ದವು. 2025ರ ಜೂನ್ 23ರ ರಾತ್ರಿ ಕತಾರ್ ತನ್ನ ವಾಯುಮಾರ್ಗವನ್ನು ಮುಚ್ಚಿದಾಗಲೂ ಹೀಗೆಯೇ ಆಯಿತು. ಇಂಥ ಹೊತ್ತಿನಲ್ಲಿ ಮನುಷ್ಯನ ಕೈಯಲ್ಲಿ ಇರುವುದಷ್ಟೇ ಅವನದು.

ಆದ್ದರಿಂದಲೇ ನಾವು ಆಪತ್ತಿಗೆಂದು ಒಂದು ಚಿಕ್ಕ ಚೀಲವನ್ನು ಬೇರೆಯಾಗಿ ಕಟ್ಟುತ್ತೇವೆ. ಅದರಲ್ಲಿ ಇನ್ಸುಲಿನ್ ಪೆನ್ನು ಮತ್ತು ವೈದ್ಯರ ಚೀಟಿ, ಸಕ್ಕರೆ ನೋಡುವ ಗ್ಲುಕೋಮೀಟರ್, ಗ್ಲೂಕೋಸ್ ಪುಡಿ, ಓಆರ್‌ಎಸ್ ಪೊಟ್ಟಣ, ಒಂದು ಪೊಟ್ಟಣ ಅವಲಕ್ಕಿ, ಬೆಲ್ಲ, ಖಾಲಿ ಸ್ಟೀಲ್ ಬಾಟಲಿ, ಸಣ್ಣ ಟಾರ್ಚು, ಪವರ್ ಬ್ಯಾಂಕ್, ಮೈ ಒರೆಸುವ ಒಂದು ಬೈರಾಸು, ಅಮ್ಮನಿಗೆ ಒಂದು ಜೊತೆ ಬಟ್ಟೆ, ಹೊದೆಯಲು ಶಾಲು ಇದ್ದವು. ಚಾಕು ಇಲ್ಲ, ಲೈಟರ್ ಇಲ್ಲ, ಬೆಂಕಿಪೊಟ್ಟಣ ಇಲ್ಲ. ಮಂಡಿನೋವಿಗೆ ಹಚ್ಚುವ ಜೆಲ್ ಕೂಡ ನೂರು ಮಿಲಿಲೀಟರಿಗಿಂತ ಕಡಿಮೆಯದು, ಪಾರದರ್ಶಕ ಲಕೋಟೆಯಲ್ಲಿ. 2006ರ ಆಗಸ್ಟಿನಲ್ಲಿ ಲಂಡನ್ನಿನಲ್ಲಿ ದ್ರವ ಸ್ಫೋಟಕದ ಸಂಚು ಬಯಲಾದ ಮೇಲೆ ಬಂದ ನಿಯಮ ಅದು ಎಂಬುದು ನಮಗೂ ತಿಳಿದಿದೆ, ಅದರ ಮೇಲೆ ನನ್ನ ತಕರಾರಿಲ್ಲ. ಅತ್ತಿಗೆ ಒತ್ತಾಯದಿಂದ ಕೊಟ್ಟ ಖರ್ಜೂರದ ಪಾಕವನ್ನೂ ತುಪ್ಪದ ಬಾಟಲಿಯನ್ನೂ ಲಗೇಜಿಗೆ ಸೇರಿಸಿದ್ದೆ. ಕೈಚೀಲದ ತೂಕ ಏಳು ಕಿಲೋ ಮೀರಿರಲಿಲ್ಲ. ಚೆಕ್-ಇನ್ ಕೌಂಟರಿನಲ್ಲಿ ತೂಗಿ ನೋಡಿ, ಸರಿ ಇದೆ ಎಂದು ಅವರೇ ಚೀಟಿ ಅಂಟಿಸಿದ್ದರು. ಭದ್ರತಾ ತಪಾಸಣೆಯವರು ಟಾರ್ಚನ್ನು ಹೊತ್ತಿಸಿ ನೋಡಿ, ಪವರ್ ಬ್ಯಾಂಕಿನ ಹಿಂಬದಿಯ ಬರಹವನ್ನು ಓದಿ, ಇನ್ಸುಲಿನ್ ಚೀಟಿಯನ್ನು ನೋಡಿ, ಎಲ್ಲವನ್ನೂ ಮರಳಿ ಕೊಟ್ಟರು. ಭದ್ರತೆಯವರನ್ನು ಬೈಯುವುದು ನಮ್ಮಲ್ಲಿ ಒಂದು ರೂಢಿ. ಅವತ್ತು ಇಡೀ ವಿಮಾನ ನಿಲ್ದಾಣದಲ್ಲಿ ಕಣ್ಣು ತೆರೆದು ಕೆಲಸ ಮಾಡಿದವರು ಅವರೊಬ್ಬರೇ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬುದನ್ನು ನೋಡಬೇಕಾದರೆ ಬೋರ್ಡಿಂಗ್ ಗೇಟಿಗೆ ಹೋಗಬೇಕು. ಕಡಿಮೆ ದರದ ಟಿಕೆಟ್ಟಿನವರನ್ನು ಕೊನೆಗೆ ಬಿಡುತ್ತಾರೆ; ನಾವು ಆ ಸಾಲಿನಲ್ಲಿದ್ದೆವು. ನಮ್ಮ ಸರದಿ ಬಂದಾಗ ಅಲ್ಲಿದ್ದ ಹುಡುಗ ಚೀಲದ ಹಿಡಿಗೆ ಟ್ಯಾಗ್ ಸುತ್ತತೊಡಗಿದ. ಮಾತಿನ ರಾಗದಲ್ಲಿಯೇ ನಮ್ಮ ಕಡೆಯವನೆಂದು ತಿಳಿದು ತುಳುವಿನಲ್ಲಿ ಕೇಳಿದರೆ, "ದಾನೆ ಮಲ್ಪುನಿ ಅಕ್ಕ, ಮಿತ್ತ್ ಜಾಗೆ ಇಜ್ಜಿ" ಎಂದ. ಮೇಲೆ ಜಾಗವಿಲ್ಲವಂತೆ, ಏನು ಮಾಡುವುದಂತೆ! ಒಳಗೆ ಇನ್ಸುಲಿನ್ ಇದೆ ಎಂದೆ. ತೆಗೆದುಕೊಳ್ಳಿ ಎಂದ. ಪವರ್ ಬ್ಯಾಂಕ್ ಇದೆ ಎಂದೆ. ಅವನು ಆಗ ತಲೆಯೆತ್ತಿ ನೋಡಿದ. ನಾನು ಹೇಳದಿದ್ದರೆ ಅದು ಹಾಗೆಯೇ ಕೆಳಗೆ ಹೋಗುತ್ತಿತ್ತು. ನನ್ನ ಹಿಂದೆ ಇದ್ದವರ ಹತ್ತಾರು ಚೀಲಗಳಲ್ಲಿ ಎಷ್ಟು ಪವರ್ ಬ್ಯಾಂಕ್‌ಗಳು ಇದ್ದವೋ, ಅವನು ಯಾರನ್ನೂ ಕೇಳಲಿಲ್ಲ.

ಇದು ಸಣ್ಣ ವಿಷಯ ಎಂದುಕೊಳ್ಳುವವರಿಗೆ ಸ್ವಲ್ಪ ವಿವರಿಸುತ್ತೇನೆ. ಲಿಥಿಯಂ ಬ್ಯಾಟರಿ ಒಳಗಿಂದ ಕೆಟ್ಟು ಬಿಸಿಯಾಗತೊಡಗಿದರೆ ಒಂದು ಕೋಶದ ಶಾಖ ಇನ್ನೊಂದಕ್ಕೆ ಹಬ್ಬಿ ತಾನೇ ತಾನಾಗಿ ಉರಿಯುತ್ತದೆ. ಪ್ರಯಾಣಿಕರ ನಡುವೆ ಹೊಗೆ ಕಂಡರೆ ಸಿಬ್ಬಂದಿ ಓಡಿ ಬಂದು ಬೆಂಕಿ ಆರಿಸಿ, ನೀರು ಸುರಿದು ತಣಿಸಬಹುದು. ಕೆಳಗಿನ ಕೋಣೆಯಲ್ಲಿ ಹೊತ್ತಿಕೊಂಡರೆ ಕೈ ಹಾಕುವವರಿಲ್ಲ. ಇದೇ ಕಾರಣಕ್ಕೆ ಬಿಡಿ ಲಿಥಿಯಂ ಬ್ಯಾಟರಿಗಳನ್ನು ಪ್ರಯಾಣಿಕ ವಿಮಾನದಲ್ಲಿ ಸರಕಾಗಿ ಸಾಗಿಸುವುದನ್ನು 2016ರ ಏಪ್ರಿಲ್ 1ರಿಂದ ಜಗತ್ತಿನಾದ್ಯಂತ ನಿಲ್ಲಿಸಲಾಯಿತು. 2025ರ ಜನವರಿಯಲ್ಲಿ ದಕ್ಷಿಣ ಕೊರಿಯಾದ ಗಿಮ್ಹೆ ನಿಲ್ದಾಣದಲ್ಲಿ, ಇನ್ನೂ ಹೊರಡದೆ ನಿಂತಿದ್ದ ವಿಮಾನವೊಂದರ ಮೇಲಿನ ಕಪಾಟಿನಲ್ಲಿ ಹತ್ತಿದ ಬೆಂಕಿ ಛಾವಣಿಯ ಬಹುಭಾಗವನ್ನು ಸುಟ್ಟುಹಾಕಿದ ಮೇಲೆ, ಆ ದೇಶ ಪವರ್ ಬ್ಯಾಂಕನ್ನು ತಲೆಯ ಮೇಲಿನ ಕಪಾಟಿನಲ್ಲಿ ಇಡುವುದನ್ನೂ ನಿಷೇಧಿಸಿ, ಕೈಗೆಟಕುವಂತೆಯೇ ಇಟ್ಟುಕೊಳ್ಳಬೇಕೆಂದು ಕಟ್ಟುನಿಟ್ಟು ಮಾಡಿತು. ಪವರ್ ಬ್ಯಾಂಕಿನ ಸಾಮರ್ಥ್ಯ ನೂರು ವ್ಯಾಟ್-ಅವರ್ ಮೀರಿದರೆ ಸಂಸ್ಥೆಯ ಅನುಮತಿ ಬೇಕು ಎಂಬ ಲೆಕ್ಕವನ್ನು ನಮ್ಮಂಥ ಸಾಮಾನ್ಯರಿಗೆ ಒಪ್ಪಿಸುವ ಸಂಸ್ಥೆಗೆ, ತನ್ನ ಗೇಟಿನ ಹುಡುಗನಿಗೆ "ಇದರಲ್ಲಿ ಬ್ಯಾಟರಿ ಇದೆಯೇ?" ಎಂಬ ಒಂದು ಪ್ರಶ್ನೆಯನ್ನು ಕಲಿಸಲು ಆಗಲಿಲ್ಲ.

ಇನ್ಸುಲಿನ್ನಿನ ಮಾತೂ ಅಷ್ಟೇ. ಅದು ಹೆಪ್ಪುಗಟ್ಟಿದರೆ ಕೆಟ್ಟಿತೆಂದೇ ಲೆಕ್ಕ. ಕರಗಿದ ಮೇಲೆ ನೋಡಲು ಸರಿ ಇದ್ದರೂ ಬಿಸಾಡಬೇಕು. ಲಗೇಜಿನಲ್ಲಿ ಹಾಕಬೇಡಿ ಎಂದು ವೈದ್ಯರು ಮತ್ತೆ ಮತ್ತೆ ಹೇಳುವುದು ಇದಕ್ಕಾಗಿ. ಹಿಂದಿನವರು ಗೊಣಗುತ್ತಿರುವಾಗ, ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು, ಅಮ್ಮನ ಬಟ್ಟೆಗಳನ್ನು ಊರಿನವರೆಲ್ಲರ ಎದುರು ಹೊರಗೆ ಹರವಿ, ಇನ್ಸುಲಿನ್ನನ್ನೂ ಪವರ್ ಬ್ಯಾಂಕನ್ನೂ ಹುಡುಕಿ ಸೆರಗಿನಲ್ಲಿ ಕಟ್ಟಿಕೊಳ್ಳುವಷ್ಟರಲ್ಲಿ, "ಬೇಗ, ಬೇಗ" ಎಂದು ಇನ್ನೊಬ್ಬಳು ಜಿಪ್ಪನ್ನು ತಾನೇ ಎಳೆದು ಚೀಲವನ್ನು ಎತ್ತಿಕೊಂಡಳು. ಗ್ಲುಕೋಮೀಟರ್, ಗ್ಲೂಕೋಸ್, ಅವಲಕ್ಕಿ, ಶಾಲು ಎಲ್ಲವೂ ಹೋದವು.

ಒಳಗೆ ಹೋಗಿ ನೋಡಿದರೆ ನಮ್ಮ ತಲೆಯ ಮೇಲಿನ ಕಪಾಟಿನಲ್ಲಿ ಡ್ಯೂಟಿ ಫ್ರೀ ಅಂಗಡಿಯ ಚೀಲಗಳು ಅಡ್ಡಡ್ಡ ಮಲಗಿದ್ದವು. ಸುಗಂಧದ ಬಾಟಲಿಗೆ, ಚಾಕಲೇಟಿನ ಡಬ್ಬಿಗೆ, ಮದ್ಯದ ಪೆಟ್ಟಿಗೆಗೆ ಜಾಗವಿದೆ. ಅವನ್ನು ಸ್ವಲ್ಪ ಸರಿಸಿದ್ದರೆ ನಮ್ಮ ಚೀಲದಂಥ ಎರಡು ಚೀಲ ಹಿಡಿಯುತ್ತಿದ್ದವು. ಮೇಲಾಗಿ, ಕೈಚೀಲಕ್ಕೆ ಇನ್ನೂ ಮೂರು ಕಿಲೋ ಬೇಕಿದ್ದರೆ ಹಣ ಕಟ್ಟಿ ಎಂದು ಟಿಕೆಟ್ ಕೊಳ್ಳುವಾಗ ಆಮಿಷ ಒಡ್ಡುವವರು ಇವರೇ. ಜಾಗ ಇಲ್ಲದಿದ್ದರೆ ಮಾರಿದ್ದು ಯಾವ ಜಾಗವನ್ನು?

ಆಮೇಲೆ ಆದದ್ದನ್ನು ಕರಾವಳಿಯವರು ಆಗಲೇ ಊಹಿಸಿರುತ್ತಾರೆ. ಬಜಪೆಯ ಮೇಲೆ ಒಂದಷ್ಟು ಹೊತ್ತು ಸುತ್ತಿ ವಿಮಾನ ಕೊಚ್ಚಿಗೆ ಹೋಗಿ ಇಳಿಯಿತು. ಹೊರದೇಶದಿಂದ ಬಂದವರಾದ್ದರಿಂದ ಇಮಿಗ್ರೇಶನ್ ಇಲ್ಲದೆ ಕೆಳಗೆ ಇಳಿಯುವಂತಿಲ್ಲ. ಹವಾಮಾನ ತಿಳಿಯಾಗುವವರೆಗೆ ಒಳಗೆಯೇ ಕೂರಬೇಕು. ಕೂತೆವು. ಸ್ವಲ್ಪ ಹೊತ್ತಿನಲ್ಲಿ ಅಮ್ಮನ ಹಣೆ ಬೆವರಿತು, ಕೈ ನಡುಗತೊಡಗಿತು. ಸಕ್ಕರೆ ಎಪ್ಪತ್ತಕ್ಕಿಂತ ಕೆಳಗೆ ಇಳಿದರೆ ಸುಮಾರು 15 ಗ್ರಾಂ ಸಕ್ಕರೆ ಕೊಟ್ಟು, ಕಾಲು ಗಂಟೆ ಬಿಟ್ಟು ಮತ್ತೆ ರಕ್ತ ನೋಡಬೇಕು ಎಂದು ನಮಗೆ ಕಲಿಸಿದ್ದಾರೆ. ನೋಡುವುದು ಯಾವುದರಲ್ಲಿ? ಮೀಟರ್ ನಮ್ಮ ಪಾದದ ಕೆಳಗೆ, ತಗಡಿನ ಒಂದು ನೆಲದ ಆಚೆ ಇತ್ತು. ಗಗನಸಖಿಯನ್ನು ಕರೆದು ಕೇಳಿದರೆ ಇಲ್ಲಿ ಲಗೇಜಿನ ಬಾಗಿಲು ತೆರೆಯಲು ಬರುವುದಿಲ್ಲ ಎಂದಳು. ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಚಹಾಕ್ಕೆ ಕೊಡುವ ಸಕ್ಕರೆ ಪೊಟ್ಟಣಗಳನ್ನು ಮುಷ್ಟಿ ತುಂಬ ತಂದು, ಅಮ್ಮನ ಪಕ್ಕದಲ್ಲಿಯೇ ಮಂಡಿಯೂರಿ ಕುಳಿತು ನೀರಿನಲ್ಲಿ ಕಲಸಿ ಕುಡಿಸಿದಳು. ಬೈಂದೂರಿನ ಕಡೆಯ ಹೆಂಗಸೊಬ್ಬರು ಖರ್ಜೂರ ಬಿಡಿಸಿ ಕೊಟ್ಟರು. ಅಮ್ಮ ಸುಧಾರಿಸಿಕೊಂಡರು. ಆದರೆ ಎಷ್ಟು ಏರಿತು, ಎಷ್ಟು ಇಳಿಯಿತು, ಮುಂದಿನ ಇನ್ಸುಲಿನ್ ಕೊಡಬೇಕೋ ಬೇಡವೋ ಎಂಬುದನ್ನು ಕತ್ತಲೆಯಲ್ಲಿ ತಡಕಾಡಿದಂತೆ ಅಂದಾಜಿನ ಮೇಲೆ ತೀರ್ಮಾನಿಸಬೇಕಾಯಿತು. "ಸಾಕು ಬಿಡು ಮಗಾ, ಯಾರ ಹತ್ತಿರವೂ ಜೋರು ಮಾಡಬೇಡ" ಎಂದು ಅಮ್ಮ ಆ ನಡುಕದಲ್ಲಿಯೂ ನನಗೇ ಬುದ್ಧಿ ಹೇಳಿದರು.

ಊರಿಗೆ ಬಂದು ದೂರು ಬರೆದೆ. ಉತ್ತರ ಬಂತು: ಪ್ರತಿಕೂಲ ಹವಾಮಾನ ನಮ್ಮ ನಿಯಂತ್ರಣದಲ್ಲಿ ಇರುವುದಿಲ್ಲ, ಪ್ರಯಾಣಿಕರ ಸುರಕ್ಷತೆಯೇ ನಮಗೆ ಮುಖ್ಯ, ಆದ ಅನನುಕೂಲಕ್ಕೆ ವಿಷಾದಿಸುತ್ತೇವೆ. ನಾನು ಮಳೆಯ ಮೇಲೆ ದೂರು ಕೊಟ್ಟಿರಲಿಲ್ಲ. ಗುಡ್ಡದ ತಲೆಯನ್ನು ಸಮತಟ್ಟು ಮಾಡಿ ಕಟ್ಟಿದ ರನ್‌ವೇ ನಮ್ಮದು. 2010ರ ಮೇ 22ರ ಬೆಳಿಗ್ಗೆ ಅದರ ತುದಿಯಿಂದ ಕೆಳಕ್ಕೆ ಉರುಳಿದ ವಿಮಾನದಲ್ಲಿ 158 ಮಂದಿ ಸತ್ತು ಎಂಟು ಮಂದಿ ಉಳಿದದ್ದನ್ನು ಈ ಜಿಲ್ಲೆಗಳಲ್ಲಿ ಯಾರೂ ಮರೆತಿಲ್ಲ. ಕಾಣದಿದ್ದಾಗ ಇಳಿಯದೆ ತಿರುಗಿಸಿದ ಪೈಲಟ್ಟಿಗೆ ನಾವು ಕೈ ಮುಗಿಯುತ್ತೇವೆ. ಅವಸರದಲ್ಲಿ ವಿಮಾನದಿಂದ ಹಾರಬೇಕಾದ ಗಳಿಗೆ ಬಂದರೆ ಚೀಲವನ್ನು ಅಲ್ಲಿಯೇ ಬಿಟ್ಟು ಓಡಬೇಕು ಎಂಬುದೂ ಗೊತ್ತಿದೆ. ನನ್ನ ಚೀಲ ಆ ಗಳಿಗೆಗೆ ಕಟ್ಟಿದ್ದಲ್ಲ. ಗಂಟೆಗಟ್ಟಲೆ ನೀರೂ ಅನ್ನವೂ ಇಲ್ಲದೆ ಕೂರಿಸುವ ಗಳಿಗೆಗೆ ಕಟ್ಟಿದ್ದು. ಅದನ್ನು ಕಿತ್ತುಕೊಂಡದ್ದು ಮಳೆಯಲ್ಲ.

ಇದನ್ನೆಲ್ಲ ಮತ್ತೊಮ್ಮೆ ಬರೆದು, ಮೂರೇ ಪ್ರಶ್ನೆ ಕೇಳಿದೆ. ಚೆಕ್-ಇನ್ ಕೌಂಟರಿನಲ್ಲಿ ತೂಗಿ ಒಪ್ಪಿದ ಚೀಲವನ್ನು ಗೇಟಿನಲ್ಲಿ ಕಿತ್ತುಕೊಳ್ಳಲು ಯಾವ ನಿಯಮವಿದೆ, ಕಿತ್ತುಕೊಳ್ಳಲೇಬೇಕಾದರೆ ಬ್ಯಾಟರಿ ಮತ್ತು ಔಷಧ ಇದೆಯೇ ಎಂದು ಕೇಳುವುದು ಯಾರ ಕೆಲಸ, ರೋಗಿಗಳಿಗೂ ವಯಸ್ಸಾದವರಿಗೂ ಚೀಲ ಬಿಟ್ಟುಕೊಟ್ಟು ಸುಗಂಧದ ಬಾಟಲಿಗಳನ್ನು ಮೊದಲು ಕೆಳಗೆ ಕಳುಹಿಸಲು ಅಡ್ಡಿ ಏನು. ಇದಕ್ಕೂ ಅದೇ ಉತ್ತರ, ಅದೇ ಹವಾಮಾನ, ಅದೇ ವಿಷಾದ. ಕೆಳಗೆ ಸಹಿ ಮಾಡಿದವರ ಹೆಸರು ಮಾತ್ರ ಬೇರೆ. ಈ ಸಲದ ಕಾಗದದಲ್ಲಿ ಒಂದು ಸಾಲು ಹೊಸದಾಗಿ ಸೇರಿತ್ತು: ಮುಂದಿನ ಪ್ರಯಾಣದಲ್ಲಿ ಅಗತ್ಯ ಔಷಧಗಳನ್ನು ದಯವಿಟ್ಟು ಕೈಚೀಲದಲ್ಲಿಯೇ ಇಟ್ಟುಕೊಳ್ಳಿ.

ದೀಪಾವಳಿಗೆ ಅಮ್ಮ ಮತ್ತೆ ಅಣ್ಣನ ಮನೆಗೆ ಹೋಗಬೇಕು. ಆ ಊರಿಗೆ ಬಜಪೆಯಿಂದ ನೇರವಾಗಿ ಹೋಗುವುದು ಈ ಸಂಸ್ಥೆಯ ವಿಮಾನ ಮಾತ್ರ. ಟಿಕೆಟ್ ಅವರ ಹತ್ತಿರವೇ ತೆಗೆದಿದ್ದೇವೆ.